ಮನೆಯ ಬಾತುಕೋಳಿಗೆ ಏನು ಹಾಕಬೇಕು, ಏನು ಹಾಕಬಾರದು

ಮನೆಯಲ್ಲಿ ಎರಡು ಮೂರು ಬಾತುಕೋಳಿ ಸಾಕುವವರು ಉಳಿದ ಅನ್ನ, ಬ್ರೆಡ್, ಮಂಡಕ್ಕಿ ಹಾಕುತ್ತಾರೆ, ಇಲ್ಲವೇ ಕೋಳಿ ಫೀಡ್ ತಂದು ಸುರಿಯುತ್ತಾರೆ. ಅನ್ನ, ಬ್ರೆಡ್ಡಿಗೆ ಹೊಟ್ಟೆ ತುಂಬುತ್ತದೆ ಅಷ್ಟೆ. ಕೋಳಿ ಫೀಡ್ ಪರವಾಗಿಲ್ಲ, ಆದರೆ ಔಷಧಿ ಬೆರೆಸದ್ದನ್ನೇ ಕೇಳಿ ತನ್ನಿ. ಮತ್ತೆ ಅದರಲ್ಲಿ ಬಾತುಮರಿಗೆ ಸಾಕಾಗುವಷ್ಟು ನಯಾಸಿನ್ ಇರುವುದಿಲ್ಲ.

ನಯಾಸಿನ್ ಅಂದರೆ ಬಿ3 ವಿಟಮಿನ್. ಮರಿಗಳ ಆಹಾರದಲ್ಲಿ ಕೆಜಿಗೆ ಸುಮಾರು 55 ಮಿಲಿಗ್ರಾಂ ಆದರೂ ಇರಬೇಕು. ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ, ಗಂಟು ಊದುತ್ತದೆ, ಮರಿ ಕುಂಟುತ್ತಾ ಕೊನೆಗೆ ಕೂತಲ್ಲೇ ಕೂರುತ್ತದೆ. ಬೇಗ ಗಮನಿಸಿದರೆ ಸರಿಹೋಗುತ್ತದೆ, ತಡವಾದರೆ ಆ ಕಾಲು ಹಾಗೇ ಉಳಿದುಬಿಡಬಹುದು. ಅದಕ್ಕೆ ಒಂದು ಲೋಟ ಫೀಡಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಪುಡಿ ಬೆರೆಸಿ. ಬ್ರೆಡ್ ಉಬ್ಬಿಸುವ ಯೀಸ್ಟ್ ಬೇಡ.

ಮೊದಲ ಎರಡು ಮೂರು ವಾರ ಮರಿಗೆ ಶೇಕಡಾ 20ರ ಆಸುಪಾಸು ಪ್ರೋಟೀನ್ ಬೇಕು. ಆಮೇಲೆ 16 ಸಾಕು. ದೊಡ್ಡವಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದು: 5 ಕೆಜಿ ಮುಸುಕಿನ ಜೋಳದ ನುಚ್ಚು, ಎರಡೂವರೆ ಕೆಜಿ ಅಕ್ಕಿ ತೌಡು, ಒಂದೂಮುಕ್ಕಾಲು ಕೆಜಿ ಸೋಯಾ ಹಿಂಡಿ, ಅರ್ಧ ಕೆಜಿ ಉಪ್ಪು ಹಾಕದ ಒಣಮೀನಿನ ಪುಡಿ, ಕಾಲು ಕೆಜಿ ಮಿನರಲ್ ಮಿಕ್ಸ್ಚರ್. ಒಂದು ದೊಡ್ಡ ಬಾತಿಗೆ ದಿನಕ್ಕೆ 120ರಿಂದ 170 ಗ್ರಾಂ, ಎರಡು ಹೊತ್ತಿಗೆ ಹಂಚಿ, ಸ್ವಲ್ಪ ನೀರು ಚಿಮುಕಿಸಿ ಕಲಸಿ ಹಾಕಿ.

ಇಷ್ಟೆಲ್ಲ ಮಾಡಿದರೂ ಒಂದು ಮುಷ್ಟಿ ಬೂಷ್ಟು ಹಿಡಿದ ಕಾಳು ಎಲ್ಲವನ್ನೂ ಹಾಳು ಮಾಡುತ್ತದೆ. ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಜೋಳ, ಶೇಂಗಾ ಹಿಂಡಿಯ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ನೇರ ಲಿವರಿಗೆ ಹೊಡೆತ. ಸಾಕುವ ಹಕ್ಕಿಗಳಲ್ಲಿ ಇದನ್ನು ಕೋಳಿಗಿಂತ ಬಾತುಕೋಳಿ ತುಂಬಾ ಕಡಿಮೆ ತಡೆದುಕೊಳ್ಳುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತಾಗ, ಬಾತುಮರಿಗಳೂ ಸತ್ತವು, ಕಾರಣ ಹುಡುಕಿದಾಗ ಸಿಕ್ಕಿದ್ದು ಶೇಂಗಾ ಹಿಂಡಿಯಲ್ಲಿದ್ದ ಇದೇ ವಿಷ. ಬಿಸಿಲಿಗೆ ಒಣಗಿಸಿದರೆ, ಬೇಯಿಸಿದರೆ ಹೋಗುವುದಿಲ್ಲ. ಅದಕ್ಕೇ ನಾನು ಶೇಂಗಾ ಹಿಂಡಿ ಬಿಟ್ಟು ಸೋಯಾ ಹೇಳಿದ್ದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಒಂದೆರಡು ವಾರಕ್ಕಾಗುವಷ್ಟೇ ತನ್ನಿ, ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿಡಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಹಾಗೇ ಕಲಸಿದ ಆಹಾರ ಉಳಿದರೆ ಮುಂದಿನ ಹೊತ್ತಿಗೆ ಇಡಬೇಡಿ, ಬೇಗ ಹುಳಿಯುತ್ತದೆ.

ತಿನ್ನುವಾಗ ಪಕ್ಕದಲ್ಲೇ ನೀರಿರಬೇಕು, ಇಲ್ಲದಿದ್ದರೆ ಪುಡಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕು ಪೂರ್ತಿ, ಮೂಗಿನ ತೂತಿನವರೆಗೆ ಮುಳುಗುವಷ್ಟು ಆಳದ ಪಾತ್ರೆ ಇಡಿ, ಬಾತು ಮೂಗು ಕಣ್ಣು ತೊಳೆದುಕೊಳ್ಳುವುದೇ ಹಾಗೆ. ನೀರು ಕ್ಷಣದಲ್ಲಿ ರಾಡಿ ಮಾಡುತ್ತದೆ, ದಿನಕ್ಕೆರಡು ಸಲ ಬದಲಿಸಲೇಬೇಕು.

ಇದರ ಜೊತೆ ಹಸಿರು ಬೇಕು. ದಂಟು, ಕೀರೆ, ಎಲೆಕೋಸು ಸಣ್ಣಗೆ ಹೆಚ್ಚಿ ನೀರಿನಲ್ಲಿ ತೇಲಿಬಿಡಿ, ಖುಷಿಯಾಗಿ ಹೆಕ್ಕಿ ತಿನ್ನುತ್ತವೆ. ಪಾಲಕ್ ಮಾತ್ರ ಅಪರೂಪಕ್ಕೆ ಸಾಕು, ಅದು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ತೊಟ್ಟಿಯಿದ್ದರೆ ನೀರಿನ ಮೇಲೆ ತೇಲುವ ಅಜೋಲ್ಲಾ ಅನ್ನುವ ಪುಟ್ಟ ಸಸ್ಯ ಬೆಳೆಸಿ. ಎರೆಹುಳು, ಬಸವನಹುಳು ತಾವೇ ಹುಡುಕಿಕೊಳ್ಳುತ್ತವೆ, ಆದರೆ ಔಷಧಿ ಹೊಡೆದ ಗದ್ದೆಗೆ ಬಿಡಬೇಡಿ. ನುಂಗಿದ ಕಾಳು ಹೊಟ್ಟೆಯಲ್ಲಿ ಅರೆಯಲು ಅವು ಮರಳನ್ನೂ ತಿನ್ನುತ್ತವೆ, ಒಂದು ಬಟ್ಟಲು ದಪ್ಪ ಮರಳು ಸದಾ ಇರಲಿ.

ಮೊಟ್ಟೆ ಇಡುವವಕ್ಕೆ ಕ್ಯಾಲ್ಸಿಯಂ ಸಿಗಲು ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಫೀಡಿಗೇ ಬೆರೆಸಿದರೆ ಗಂಡು ಬಾತು, ಮರಿಗಳ ಹೊಟ್ಟೆಗೂ ಹೋಗಿ ಕಿಡ್ನಿಗೆ ತೊಂದರೆ. ಬೆಣ್ಣೆಹಣ್ಣು, ಈರುಳ್ಳಿ, ಚಾಕೊಲೇಟ್, ಉಪ್ಪಿನ ತಿಂಡಿ, ಬೇಯಿಸದ ಹುರುಳಿಕಾಯಿ ಬೀಜ, ಇವು ಯಾವುದೂ ಬೇಡವೇ ಬೇಡ. ನೆಂಟರ ಮಕ್ಕಳು ಬಂದಾಗ ಬಿಸ್ಕತ್ ಬದಲು ಅವರ ಕೈಗೆ ನೆನೆಸಿದ ಬಟಾಣಿ ಕೊಡಿ, ಬೇಯಿಸಿ ಆರಿಸಿದ್ದು.