ಎರಡು ಆವೇಶಗಳ ವಿದ್ಯುತ್ ಕ್ಷೇತ್ರ ಶೂನ್ಯವಾಗುವ ಬಿಂದುವನ್ನು ಕಂಡುಹಿಡಿಯುವುದು ಹೇಗೆ?

ಒಂದು ಬಿಂದುವಿನಲ್ಲಿ ಅತಿ ಚಿಕ್ಕ ಧನ ಆವೇಶವನ್ನು ಇಟ್ಟರೆ, ಅದರ ಪ್ರತಿ ಕೂಲಂಬ್‌ಗೆ ಎಷ್ಟು ನ್ಯೂಟನ್ ಬಲ ಯಾವ ದಿಕ್ಕಿಗೆ ಬೀಳುತ್ತದೆಯೋ ಅದೇ ಅಲ್ಲಿನ ವಿದ್ಯುತ್ ಕ್ಷೇತ್ರ. ಈ ವ್ಯಾಖ್ಯೆ ಬಾಯಿಪಾಠವಾಗಿದ್ದರೂ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಲೆಕ್ಕದಲ್ಲಿ ಎಡವುವುದುಂಟು. ಹೆಚ್ಚಿನ ಸಲ ತಪ್ಪುವುದು ಅಂಕಿಯಲ್ಲ, ದಿಕ್ಕು. ಆದ್ದರಿಂದ ಸೂತ್ರಕ್ಕೆ ಕೈಹಾಕುವ ಮೊದಲು ಚಿತ್ರ ಬರೆದು ಬಾಣಗಳನ್ನು ಗುರುತಿಸಿಕೊಳ್ಳಬೇಕು.

+4 ಮತ್ತು +1 ಮೈಕ್ರೋಕೂಲಂಬ್ (ಕೂಲಂಬ್‌ನ ಹತ್ತು ಲಕ್ಷದ ಒಂದು ಭಾಗ) ಆವೇಶಗಳು 30 ಸೆಂ.ಮೀ. ಅಂತರದಲ್ಲಿವೆ ಎಂದುಕೊಳ್ಳಿ. ಧನ ಆವೇಶದ ಕ್ಷೇತ್ರ ಅದರಿಂದ ಹೊರಕ್ಕೂ ಋಣ ಆವೇಶದ ಕ್ಷೇತ್ರ ಅದರ ಕಡೆಗೂ ಇರುವುದರಿಂದ, ಈ ಎರಡು ಧನ ಆವೇಶಗಳ ನಡುವೆ ಬಾಣಗಳು ಎದುರುಬದುರಾಗುತ್ತವೆ. ಶೂನ್ಯ ಬಿಂದುವನ್ನು ಅಲ್ಲಿಯೇ ಹುಡುಕಬೇಕು. ಕ್ಷೇತ್ರದ ಪ್ರಮಾಣಕ್ಕೆ 9×10⁹ ಎಂಬ ಸ್ಥಿರಾಂಕವನ್ನು ಆವೇಶದಿಂದ ಗುಣಿಸಿ, ಮೀಟರಿನಲ್ಲಿ ಅಳೆದ ದೂರದ ವರ್ಗದಿಂದ ಭಾಗಿಸಬೇಕು. ಇಲ್ಲಿ ಆವೇಶದ ಚಿಹ್ನೆಯನ್ನು ಬಳಸಬಾರದು, ಏಕೆಂದರೆ ಬಾಣ ಬರೆದಾಗಲೇ ಅದರ ಕೆಲಸ ಮುಗಿದಿದೆ.

ಆವೇಶ ನಾಲ್ಕು ಪಟ್ಟಾದರೆ ಅದೇ ಕ್ಷೇತ್ರ ಎರಡು ಪಟ್ಟು ದೂರದಲ್ಲಿ ಸಿಗುತ್ತದೆ. ಹಾಗಾಗಿ 30 ಸೆಂ.ಮೀ. ಅನ್ನು 2:1ರಂತೆ ಪಾಲು ಮಾಡಿದರೆ ದೊಡ್ಡದರಿಂದ 20, ಚಿಕ್ಕದರಿಂದ 10 ಸೆಂ.ಮೀ. ಬರುತ್ತದೆ. ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ: ಎರಡೂ ಕಡೆಯಿಂದ 9×10⁵ ನ್ಯೂಟನ್ ಪ್ರತಿ ಕೂಲಂಬ್ ಸಿಕ್ಕಿ, ಒಂದನ್ನೊಂದು ಅಳಿಸುತ್ತವೆ. ಮೈಕ್ರೋಕೂಲಂಬ್ ಎಂಬ ಹೆಸರು ಕೇಳಿ ಇದನ್ನು ಸಣ್ಣ ಆವೇಶವೆಂದು ಭಾವಿಸಬಾರದು. ಒಂದು ಮೈಕ್ರೋಕೂಲಂಬ್ ಆವೇಶದಿಂದ 5 ಸೆಂ.ಮೀ. ದೂರದಲ್ಲಿಯೇ ಕ್ಷೇತ್ರ 3.6×10⁶ ಆಗುತ್ತದೆ, ಒಣ ಗಾಳಿಯಾದರೋ ಸುಮಾರು 3×10⁶ರಲ್ಲಿಯೇ ನಿರೋಧಕ ಗುಣ ಕಳೆದುಕೊಂಡು ಕಿಡಿಗೆ ದಾರಿ ಕೊಡುತ್ತದೆ.

ಈಗ ಚಿಕ್ಕ ಆವೇಶವನ್ನು −1 ಮಾಡಿ, ಬಾಣಗಳನ್ನು ಹೊಸದಾಗಿ ಬರೆಯಿರಿ. ನಡುವೆ ಎರಡೂ ಒಂದೇ ದಿಕ್ಕಿಗಿದ್ದು ಕೂಡಿಕೊಳ್ಳುತ್ತವೆ. ಹಿಂದಿನ ಶೂನ್ಯ ಬಿಂದುವಿನಲ್ಲಿಯೇ ಈಗ 18×10⁵ ಇದೆ. ದೊಡ್ಡ ಆವೇಶದ ಆಚೆ ಬಾಣಗಳು ಎದುರಾದರೂ ಅಲ್ಲಿ ದೊಡ್ಡದೇ ಹತ್ತಿರವಿರುವುದರಿಂದ ಅದರ ಕ್ಷೇತ್ರವನ್ನು ಚಿಕ್ಕದು ಸರಿಗಟ್ಟಲಾರದು. ಉಳಿಯುವುದು ಚಿಕ್ಕದರ ಆಚೆಯ ಬದಿ: ಅಲ್ಲಿ ದೊಡ್ಡದರಿಂದ ಇರುವ ದೂರ ಚಿಕ್ಕದರಿಂದ ಇರುವ ದೂರದ ಎರಡರಷ್ಟಾಗಬೇಕಾದ್ದರಿಂದ, ಶೂನ್ಯ ಬಿಂದು ಋಣ ಆವೇಶದಿಂದ 30 ಸೆಂ.ಮೀ. ಆಚೆಗೆ, ಧನ ಆವೇಶದಿಂದ 60 ಸೆಂ.ಮೀ. ದೂರದಲ್ಲಿ ಸಿಗುತ್ತದೆ.