ಕೆಮ್ಮಿಗೆ ಕಷಾಯ: ಖಾರ ಹೆಚ್ಚಿದಷ್ಟೂ ಗುಣ ಹೆಚ್ಚಲ್ಲ

ಮಳೆ ಹಿಡಿದಾಗೊಮ್ಮೆ, ಮಾಗಿಯ ಚಳಿಯಲ್ಲಿ ಮತ್ತೊಮ್ಮೆ, ಮನೆಮನೆಯ ಒಲೆಯ ಮೇಲೆ ಕಷಾಯದ ಪಾತ್ರೆ ಏರುತ್ತದೆ. ಮೆಣಸು, ಶುಂಠಿ, ಲವಂಗ, ಅರಿಶಿನ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು, ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡಿ ಕುಡಿಸಿದರೆ ಕಫ ಕಿತ್ತು ಬರುತ್ತದೆಂಬ ನಂಬಿಕೆ ಬಹಳ ಜನರಿಗಿದೆ. ಆಗುವುದೇ ಬೇರೆ. ಕೆಮ್ಮಿ ಕೆಮ್ಮಿ ಮೊದಲೇ ಕೆರೆದುಹೋದ ಗಂಟಲು ಇನ್ನಷ್ಟು ಉರಿಯುತ್ತದೆ, ಹೊಟ್ಟೆಯ ಹುಳಿ ಮೇಲೇರಿ ರಾತ್ರಿ ಕೆಮ್ಮು ಜಾಸ್ತಿಯಾಗುತ್ತದೆ. ಶೀತದ ವೈರಸ್ಸನ್ನು ಕಷಾಯ ಕೊಲ್ಲುವುದಿಲ್ಲ. ಕಫ ತೆಳುವಾಗಲು, ಗಂಟಲಿಗೆ ಹಿತವಾಗಲು, ರಾತ್ರಿ ನಿದ್ದೆ ಹತ್ತಲು ಅದು ನೆರವಾಗುತ್ತದೆ. ಅಷ್ಟಾದರೆ ಸಾಕು, ಉಳಿದದ್ದನ್ನು ದೇಹವೇ ನೋಡಿಕೊಳ್ಳುತ್ತದೆ.

ಮೊದಲು ಕೆಮ್ಮು ಯಾವುದೆಂದು ನೋಡಿ

ಗಂಟಲಲ್ಲಿ ಕೆರೆತ, ಏನೂ ಹೊರಬರುವುದಿಲ್ಲ, ಮಲಗಿದರೆ ಹೆಚ್ಚು: ಇದು ಒಣಕೆಮ್ಮು. ಇದಕ್ಕೆ ಜೇನು, ಅತಿಮಧುರ, ಬೆಚ್ಚಗಿನ ಹಾಲು ಹಿತ. ಮೆಣಸು, ಒಣಶುಂಠಿ ಬೇಡ. ಎದೆಯಲ್ಲಿ ಗೊರಗೊರ ಸದ್ದು, ಬೆಳಿಗ್ಗೆ ಎದ್ದಾಗ ಕಫ ಬೀಳುವುದು: ಇದು ಕಫದ ಕೆಮ್ಮು. ಇದನ್ನು ತಡೆಯಬಾರದು, ಕಫ ಸುಲಭವಾಗಿ ಹೊರಬೀಳುವಂತೆ ಮಾಡಬೇಕು. ಕಫ ಹಳದಿ ಅಥವಾ ಹಸಿರಾಯಿತೆಂದು ಆಂಟಿಬಯಾಟಿಕ್ ಹುಡುಕಿಕೊಂಡು ಓಡಬೇಕಾಗಿಲ್ಲ, ಸಾಧಾರಣ ಶೀತದಲ್ಲೂ ಬಣ್ಣ ಹೀಗೆ ತಿರುಗುತ್ತದೆ.

ಮನೆಮದ್ದಿಗೆ ಬಗ್ಗದ ಒಣಕೆಮ್ಮು ಇನ್ನೆರಡಿವೆ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಬಿಡದೆ ಕೆಮ್ಮು ಬರುತ್ತದೆ. ಅದಕ್ಕೆ ವೈದ್ಯರು ಮಾತ್ರೆ ಬದಲಿಸಬೇಕು, ನೀವಾಗಿ ನಿಲ್ಲಿಸಬಾರದು. ಇನ್ನೊಂದು ಹುಳಿತೇಗಿನ ಕೆಮ್ಮು. ಊಟ ಮಾಡಿ ಮಲಗಿದ ಕೂಡಲೇ ಕೆಮ್ಮು ಬಂದರೆ ರಾತ್ರಿಯೂಟವನ್ನು ಎರಡು ಮೂರು ಗಂಟೆ ಮೊದಲೇ ಮುಗಿಸಿ ನೋಡಿ. ಇಂಥವರಿಗೆ ಮೆಣಸಿನ ಕಷಾಯ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ.

ಜೇನು

ಮನೆಮದ್ದುಗಳ ಪೈಕಿ ಮಕ್ಕಳ ರಾತ್ರಿ ಕೆಮ್ಮಿಗೆ ಉಪಯೋಗವಿದೆಯೆಂದು ಅಧ್ಯಯನಗಳಲ್ಲಿ ಕಂಡುಬಂದಿರುವುದು ಮುಖ್ಯವಾಗಿ ಜೇನು. ಮಲಗುವ ಅರ್ಧ ಗಂಟೆ ಮೊದಲು ಕೊಡಬೇಕು. ಒಂದರಿಂದ ಐದು ವರ್ಷದವರಿಗೆ ಅರ್ಧ ಟೀಚಮಚ, ಆರರಿಂದ ಹನ್ನೊಂದರವರಿಗೆ ಒಂದು, ಅದಕ್ಕೂ ದೊಡ್ಡವರಿಗೆ ಎರಡು. ಹಾಗೇ ನೆಕ್ಕಿಸಿ, ಆಮೇಲೆ ಸ್ವಲ್ಪ ಹೊತ್ತು ನೀರು ಕುಡಿಸಬೇಡಿ. ಗಂಟಲಿಗೆ ಅಂಟಿದ ಲೇಪ ತೊಳೆದುಹೋಗುತ್ತದೆ.

ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೂಡದು, ನಾಲಿಗೆಗೆ ಸವರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ. ತೋಟದ ಶುದ್ಧ ಜೇನು ಎಂಬ ಸಮಾಧಾನವೂ ಇಲ್ಲಿ ನಡೆಯದು. ಸಕ್ಕರೆ ಕಾಯಿಲೆಯವರು ಜೇನು, ಬೆಲ್ಲ ಎರಡನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

ಕಫದ ಕೆಮ್ಮಿಗೆ ಎಲೆ ಕಷಾಯ

ಇಬ್ಬರು ದೊಡ್ಡವರಿಗೆ ಒಂದು ದಿನಕ್ಕೆ ಬೇಕಾಗುವುದು: ನೀರು ಅರ್ಧ ಲೀಟರ್, ಕಾಳುಮೆಣಸು 6, ಜೀರಿಗೆ ಅರ್ಧ ಟೀಚಮಚ, ಹಸಿಶುಂಠಿ ಒಂದು ಅಂಗುಲ, ತುಳಸಿ ಎಲೆ 8–10, ದೊಡ್ಡಪತ್ರೆ ಎಲೆ 2, ರುಚಿಗೆ ಬೆಲ್ಲ.

ಮೆಣಸು, ಜೀರಿಗೆಯನ್ನು ಕುಟ್ಟಾಣಿಯಲ್ಲಿ ಒಡೆದರೆ ಸಾಕು. ನುಣ್ಣಗೆ ಪುಡಿ ಮಾಡಿದರೆ ಸೋಸಿದ ಮೇಲೂ ಗಸಿ ಉಳಿದು ಗಂಟಲಲ್ಲಿ ಕೂರುತ್ತದೆ, ಕೆಮ್ಮು ಕೆರಳಿಸುವುದೂ ಅದೇ. ಒಡೆದದ್ದನ್ನೂ ಜಜ್ಜಿದ ಶುಂಠಿಯನ್ನೂ ತಣ್ಣೀರಿಗೆ ಹಾಕಿ ಒಲೆಗಿಡಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ತುಳಸಿ, ದೊಡ್ಡಪತ್ರೆಗಳ ಸರದಿ ಕೊನೆಯ ಎರಡು ಮೂರು ನಿಮಿಷಕ್ಕೆ. ಇವುಗಳ ಘಮವೆಲ್ಲ ಆವಿಯಾಗಿ ಹಾರುವ ಎಣ್ಣೆಯಲ್ಲಿರುತ್ತದೆ. ಮೊದಲಿಂದ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಪರಿಮಳ ಅಡುಗೆಮನೆಗೆ, ಕಹಿ ನಿಮಗೆ. ಒಲೆ ಆರಿಸಿ ಐದು ನಿಮಿಷ ಮುಚ್ಚಿಟ್ಟು ಸೋಸಿ, ಬೆಲ್ಲ ಕರಗಿಸಿ. ಜೇನು ಹಾಕುವುದಿದ್ದರೆ ಬೆರಳಿಗೆ ಹಿತವೆನಿಸುವಷ್ಟು ಆರಿದ ಮೇಲೆ ಹಾಕಿ.

ಒಂದು ಸಲಕ್ಕೆ ಅರ್ಧ ಲೋಟ, ದಿನಕ್ಕೆ ಎರಡು ಸಲ, ಗುಟುಕು ಗುಟುಕಾಗಿ ಕುಡಿಯಬೇಕು. ಖಾಲಿ ಹೊಟ್ಟೆಯಲ್ಲಿ ಬೇಡ. ಐದು ವರ್ಷ ದಾಟಿದ ಮಕ್ಕಳಿಗೆ ಮೆಣಸು ಬಿಟ್ಟು ಕಾಲು ಲೋಟ. ಬೆಳಿಗ್ಗೆ ಮಾಡಿದ್ದನ್ನು ಅಂದೇ ಮುಗಿಸಿ.

ದಿನವೂ ಕುದಿಸಲು ಬಿಡುವಿಲ್ಲದವರು ಮಲೆನಾಡಿನ ಮನೆಗಳ ಹಾಗೆ ಕಷಾಯದ ಪುಡಿ ಮಾಡಿಟ್ಟುಕೊಳ್ಳಬಹುದು. ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಸೋಂಪು 25, ಕಾಳುಮೆಣಸು 10, ಒಣಶುಂಠಿ 10 ಗ್ರಾಂ. ಶುಂಠಿಯೊಂದನ್ನು ಬಿಟ್ಟು ಉಳಿದವನ್ನು ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಪೂರ್ತಿ ಆರಿದ ಮೇಲೆ ಜಜ್ಜಿದ ಒಣಶುಂಠಿ ಸೇರಿಸಿ ಪುಡಿ ಮಾಡಿ. ಬಿಸಿಯಲ್ಲೇ ಪುಡಿ ಮಾಡಿ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀಚಮಚ ಪುಡಿ, ಐದು ನಿಮಿಷದ ಕುದಿ. ಹಾಲು ಬೆರೆಸುವವರು ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಲಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಅಂದ ಹಾಗೆ, ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬುದು ನಿಜವಲ್ಲ. ಎಂಜಲಿನೊಂದಿಗೆ ಬೆರೆತು ಗಂಟಲಲ್ಲಿ ದಪ್ಪವೆನಿಸುತ್ತದೆ, ಅಷ್ಟೇ.

ಹಿತ್ತಲಿನ ಎಲೆಗಳು

ದೊಡ್ಡಪತ್ರೆಯನ್ನು ಹಸಿಯಾಗಿ ಹಿಂಡಿದರೆ ರಸ ಸರಿಯಾಗಿ ಬರುವುದಿಲ್ಲ. ನಾಲ್ಕೈದು ಎಲೆ ತೊಳೆದು ಒರೆಸಿ, ಬಿಸಿ ಹೆಂಚಿನ ಮೇಲೆ ಎರಡೂ ಕಡೆ ಬಾಡಿಸಿ. ಎಲೆ ಮೆತ್ತಗಾಗಿ ಬಣ್ಣ ಮಾಸಿದಾಗ ತೆಗೆದು ಹಿಂಡಿದರೆ ರಸ ಸಲೀಸಾಗಿ ಇಳಿಯುತ್ತದೆ. ದೊಡ್ಡವರಿಗೆ ಒಂದು ಟೀಚಮಚ ರಸಕ್ಕೆ ಅಷ್ಟೇ ಜೇನು.

ಆಡುಸೋಗೆಯ ಮಾತು ಬೇರೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧ ಹುಟ್ಟಿದ್ದು. ಇಂದು ಎಲ್ಲ ಔಷಧ ಅಂಗಡಿಗಳಲ್ಲಿ ಸಿಗುವ ಆಂಬ್ರಾಕ್ಸಾಲ್ ಅದರ ಮುಂದಿನ ಕುಡಿ. ಎಲೆಗೆ ಶಕ್ತಿ ಇದೆ, ಅದಕ್ಕೇ ಹುಷಾರಾಗಿರಬೇಕು. ಗರ್ಭಕೋಶವನ್ನು ಸಂಕುಚಿಸುವ ಗುಣವಿರುವುದರಿಂದ ಬಸುರಿಯರು ಇದನ್ನು ಮುಟ್ಟಬಾರದು. ಮಕ್ಕಳಿಗೂ ಅಂದಾಜಿನ ಮೇಲೆ ಕೊಡುವ ಎಲೆ ಇದಲ್ಲ, ಆಯುರ್ವೇದ ವೈದ್ಯರನ್ನು ಕೇಳಿ.

ಅತಿಮಧುರದ ಬೇರಿನ ಕಿರುಬೆರಳುದ್ದದ ತುಂಡನ್ನು ಬಾಯಲ್ಲಿಟ್ಟು ಚೀಪಿದರೆ ಒಣಕೆಮ್ಮಿನ ಕೆರೆತ ಶಮನವಾಗುತ್ತದೆ. ಎರಡು ಮೂರು ದಿನಕ್ಕೆ ಸರಿ, ವಾರಗಟ್ಟಲೆ ಬೇಡ. ಅದರಲ್ಲಿರುವ ಗ್ಲಿಸಿರೈಜಿನ್ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮತ್ತು ಬಸುರಿಯರು ದೂರವಿರಲಿ.

ಉಪ್ಪುನೀರು ಮುಕ್ಕಳಿಸಲು ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀಚಮಚ ಉಪ್ಪು.

ಹಬೆ ತೆಗೆದುಕೊಳ್ಳುವಾಗ

ಹಬೆ ಮೂಗು, ಗಂಟಲಿಗೆ ಆರಾಮ ಕೊಡುತ್ತದೆ, ಎದೆಯ ಆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಇದರಲ್ಲಿ ನಿಜವಾದ ಅಪಾಯ ಸುಟ್ಟುಕೊಳ್ಳುವುದು. ಕುದಿವ ಪಾತ್ರೆಯನ್ನು ತೊಡೆಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡಾಗ ಅವಘಡ ನಡೆಯುತ್ತದೆ. ಅಗಲ ತಳದ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ, ಅಲುಗಾಡದ ಮೇಜಿನ ಮೇಲಿಟ್ಟು, ಎರಡು ನಿಮಿಷ ಬಿಡಿ. ಮುಖ ಒಂದು ಅಡಿ ಮೇಲಿರಲಿ, ಕಣ್ಣು ಮುಚ್ಚಿರಲಿ. ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಬರಿ ನೀರೇ ಸಾಕು. ಆಸ್ತಮಾ ಇದ್ದವರಿಗೆ ಬಿಸಿ ಹಬೆಯಿಂದ, ಅದಕ್ಕೆ ಹಾಕುವ ಮುಲಾಮಿನ ಘಾಟಿನಿಂದ ಉಬ್ಬಸ ಕೆರಳಬಹುದು. ಮಕ್ಕಳನ್ನು ಪಾತ್ರೆಯ ಮುಂದೆ ಕೂರಿಸಲೇಬೇಡಿ.

ಹಬೆಯಾದ ಮೇಲೆ ಕಫ ತೆಗೆಯುವ ಕ್ರಮವೊಂದಿದೆ, ಎದೆ ಕಟ್ಟಿದವರಿಗೆ ಇದು ಹಬೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ನೆಟ್ಟಗೆ ಕುಳಿತು ಮೂಗಿನಿಂದ ನಿಧಾನವಾಗಿ ಉಸಿರೆಳೆದು ಎರಡು ಮೂರು ಸೆಕೆಂಡು ಹಿಡಿಯಿರಿ. ಬಾಯಿ ಅಗಲಿಸಿ, ಕನ್ನಡಿಗೆ ಆವಿ ಊದುವ ಹಾಗೆ ‘ಹಾ’ ಎಂದು ಉಸಿರು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದಾಗ ಕಫ ಗಂಟಲ ಹತ್ತಿರ ಬಂದದ್ದು ಗೊತ್ತಾಗುತ್ತದೆ. ಆಗ ಒಮ್ಮೆ ಕೆಮ್ಮಿ ಉಗುಳಿ. ಸುಮ್ಮನೆ ಕೆಮ್ಮುತ್ತಲೇ ಇದ್ದರೆ ಪಕ್ಕೆ ನೋಯುತ್ತದೆ, ಕಫ ಮಾತ್ರ ಅಲ್ಲೇ ಇರುತ್ತದೆ. ದಿನವಿಡೀ ಆಗಾಗ ಬಿಸಿನೀರು, ಗಂಜಿ, ತಿಳಿಸಾರು ಹೊಟ್ಟೆಗೆ ಹೋಗುತ್ತಿರಲಿ. ನೀರು ಕಡಿಮೆಯಾದರೆ ಕಫ ಗಟ್ಟಿಯಾಗುತ್ತದೆ.

ಕೂಸುಗಳ ವಿಷಯದಲ್ಲಿ

ಕಷಾಯ, ಎಲೆರಸ, ಮೂಗಿಗೆ ಎಣ್ಣೆ ಯಾವುದೂ ಬೇಡ. ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಎದೆಗೆ ಕರ್ಪೂರದೆಣ್ಣೆ ಹಚ್ಚುವ ರೂಢಿಯನ್ನೂ ಎರಡು ವರ್ಷದೊಳಗಿನವರಿಗೆ ಬಿಡಿ; ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಮೀಯಿಸಿದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ ಎರಡೂ ಕೆಮ್ಮು ಕೆರಳಿಸುತ್ತವೆ. ಮತ್ತೆಮತ್ತೆ ಎದೆಹಾಲು ಕೊಡಿ, ಮೂಗು ಕಟ್ಟಿದ್ದರೆ ಔಷಧ ಅಂಗಡಿಯ ಸಲೈನ್ ಹನಿ ಹಾಕಿ. ಕೆಮ್ಮಿನ ಸಿರಪ್ಪನ್ನು ಎರಡು ವರ್ಷದೊಳಗಿನವರಿಗೆ ಕೊಡಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ.

ಮಗು ಅಳದೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಥವಾ ಅದಕ್ಕೂ ಹೆಚ್ಚು ಉಸಿರಿದ್ದರೆ, ಉಸಿರೆಳೆವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ದೊಡ್ಡವರಾದರೆ ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಮೂರು ದಿನಕ್ಕೂ ಇಳಿಯದ ಜ್ವರ ಕಂಡರೆ ಕಾಯಬೇಡಿ. ಶೀತದ ಕೆಮ್ಮು ಮೂರು ವಾರದವರೆಗೂ ಎಳೆಯಬಹುದು ನಿಜ; ಆದರೂ ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕು, ಅದು ಕ್ಷಯ ಇದೆಯೇ ಎಂದು ನೋಡಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಮನೆಯಲ್ಲಿ ಏನೇನು ಕುಡಿದಿರಿ ಎಂಬುದನ್ನೂ ವೈದ್ಯರಿಗೆ ಹೇಳಿ, ಬಿಪಿ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ತಪ್ಪದೆ ಹೇಳಬೇಕು.