ಡೇರೆ ಗೆಡ್ಡೆ ನೆಡುವ ಮುಂಚೆ ಕಣ್ಣು ನೋಡಿ

ತೀರ್ಥಹಳ್ಳಿ ಕಡೆ ಎರಡು ಮಳೆ ಆಯ್ತು. ಅಟ್ಟದ ಮೇಲಿನ ಡೇರೆ ಹೂವಿನ (ಡೇಲಿಯಾ) ಗೆಡ್ಡೆ ಇಳಿಸುವ ಹೊತ್ತು. ಅದಕ್ಕೇ ಈ ಮಾತು.

ಡೇರೆ ಆಲೂಗಡ್ಡೆ ಹಾಗಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಅಂದರೆ ಚಿಗುರೊಡೆಯುವ ಜಾಗ. ಡೇರೆಗೆ ಕಣ್ಣಿರುವುದು ಹಳೆ ಕಾಂಡದ ಬುಡದಲ್ಲಿ, ಗೆಡ್ಡೆ ಸೇರುವ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇರಲಿ, ಚಿಗುರುವುದಿಲ್ಲ. ಹೋದ ವರ್ಷ ನೆಂಟರ ಮನೆಯಿಂದ ತಂದ ಅಂಥ ಆರು ಗೆಡ್ಡೆ ನೆಟ್ಟು ತಿಂಗಳಿಡೀ ಕಾದೆ. ಎಲ್ಲ ಕೊಳೆತವು. ತುಂಬಾ ಬೇಜಾರಾಯ್ತು. ಗೊಂಚಲು ಪಾಲು ಮಾಡುವಾಗ ಪ್ರತಿ ಪಾಲಿಗೂ ಚೂರು ಕಾಂಡ ಬರಲಿ. ಕೊಯ್ದ ಜಾಗಕ್ಕೆ ಬೂದಿ ಹಚ್ಚಿ, ಒಂದು ದಿನ ನೆರಳಲ್ಲಿ ಒಣಗಿಸಿ.

ನಮ್ಮ ಜಡಿಮಳೆಗೆ ನೆಲಕ್ಕಿಂತ ಚೀಲವೇ ವಾಸಿ. ಬುಡಕ್ಕೆ ನಾಲ್ಕೈದು ತೂತು ಮಾಡಿ, ಮಣ್ಣಿನ ಜೊತೆ ಮರಳು, ಹಳೆ ಗೊಬ್ಬರ ಸೇರಿಸಿ. ಗೆಡ್ಡೆ ಅಡ್ಡ ಮಲಗಿಸಿ, ಕಣ್ಣು ಮೇಲಕ್ಕಿರಲಿ. ಮೇಲೆ 4 ಇಂಚು ಮಣ್ಣು ಸಾಕು. ಚಿಗುರು ಕಾಣುವ ತನಕ ಚೀಲ ಮಾಡಿನ ಕೆಳಗೇ ಇರಲಿ, ನೀರು ಜಾಸ್ತಿ ಬೇಡ. ಆಮೇಲೆ ಬಿಸಿಲು ಬೀಳುವ ಕಡೆ ಇಡಿ.

ಒಂದಡಿ ಬೆಳೆದಾಗ ತುದಿ ಚಿವುಟಿ. ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ ಆಗಲೇ ಕವಲೊಡೆದು ಹೂ ಜಾಸ್ತಿ ಬಿಡುವುದು. ಕಾಂಡ ಟೊಳ್ಳು, ಗಾಳಿಗೆ ಮುರಿಯುತ್ತದೆ. ಅಡಿಕೆ ದಬ್ಬೆ ಊರಿ ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಿ. ಬಸವನಹುಳು ರಾತ್ರಿ ಚಿಗುರು ತಿನ್ನುತ್ತದೆ, ಟಾರ್ಚ್ ಹಿಡಿದು ಹೆಕ್ಕಿ ತೆಗೆಯಿರಿ.

ನನ್ನ ಹತ್ತಿರ ಕೆಂಪು ಡೇರೆ ಎರಡು ಪಾಲು ಹೆಚ್ಚಿಗೆ ಇದೆ, ಕಣ್ಣು ನೋಡಿಯೇ ಇಟ್ಟಿದ್ದೇನೆ. ಬಿಳಿ ಇದ್ದವರು ಹೇಳಿ, ಬದಲಾಯಿಸಿಕೊಳ್ಳೋಣ.